ಸಣ್ಣ ಊರಿನ ಮಹಿಳಾ ಉದ್ಯಮಿಗೆ ಮೆಂಟರ್ ಆಗುವುದು ಹೇಗೆ? ಮೊದಲ ಭೇಟಿಯಿಂದ ಕೊನೆಯವರೆಗೆ

ಮಹಿಳಾ ಉದ್ಯಮಿಗಳಿಗೆ ಏನಾದರೂ ಮಾಡೋಣ ಎಂದ ಕೂಡಲೇ ಎಲ್ಲರೂ ಮೊದಲು ಹುಡುಕುವುದು ಒಂದು ಸಭಾಂಗಣವನ್ನು. ಒಂದಷ್ಟು ಕುರ್ಚಿ, ಪ್ರೊಜೆಕ್ಟರ್, ಮಧ್ಯಾಹ್ನದ ಊಟ, ಕೊನೆಗೆ ಪ್ರಮಾಣಪತ್ರ ಹಿಡಿದು ಫೋಟೊ. ಇದರಿಂದ ವ್ಯಾಪಾರ ಬೆಳೆಯುತ್ತದೆಯೇ?

ಕೀನ್ಯಾದ ನೈರೋಬಿಯಲ್ಲಿ ದಂಡೋರಾ ಎಂಬ ಬಡ ಬಡಾವಣೆ ಇದೆ. ಅಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಸಣ್ಣ ವ್ಯಾಪಾರ ಮಾಡುವ ಕೆಲವು ಮಹಿಳೆಯರಿಗೆ ತರಗತಿ ನಡೆಸಿದರು. ಇನ್ನು ಕೆಲವರಿಗೆ ಅದೇ ಬಡಾವಣೆಯಲ್ಲಿ ವ್ಯಾಪಾರ ಮಾಡಿ ಗೆದ್ದ ಮಹಿಳೆಯೊಬ್ಬರನ್ನು ಜೊತೆ ಮಾಡಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ತರಗತಿಗೆ ಹೋದವರ ಲಾಭ ಹೆಚ್ಚಿರಲಿಲ್ಲ. ಮೆಂಟರ್, ಅಂದರೆ ಹೀಗೆ ಜೊತೆಗಿದ್ದು ದಾರಿ ತೋರಿಸುವವರು, ಸಿಕ್ಕವರ ಲಾಭ ಸರಾಸರಿ 20 ಪ್ರತಿಶತ ಹೆಚ್ಚಿತ್ತು. ಕಾರಣವೇನೂ ದೊಡ್ಡದಲ್ಲ. ಎಲ್ಲಿ ಮಾಲು ಅಗ್ಗಕ್ಕೆ ಸಿಗುತ್ತದೆ ಎಂಬುದು ಹಳಬರಿಗೆ ಗೊತ್ತಿತ್ತು, ಹೊಸಬರಿಗೆ ಗೊತ್ತಾಯಿತು. ಆದರೆ ಭೇಟಿಗಳು ನಿಂತಂತೆ ಆ ಹೆಚ್ಚಿನ ಲಾಭವೂ ಕರಗುತ್ತಾ ಹೋಯಿತು.

ಈ ಮಾರ್ಗದರ್ಶಿ ನಿಂತಿರುವುದು ಇದರ ಮೇಲೆಯೇ. ಮೆಂಟರ್ ಕೊಡಬಹುದಾದ ಅತಿ ಬೆಲೆಯ ವಸ್ತು ಊರಿನೊಳಗಿನ ತಿಳಿವಳಿಕೆ ಮತ್ತು ಪರಿಚಯ. ಉಪದೇಶ ಎಲ್ಲೆಡೆ ಪುಕ್ಕಟೆ ಸಿಗುತ್ತದೆ.

ಹಂತ 1: ಜೋಡಿ ಸರಿಯಾಗಿದೆಯೇ ನೋಡಿಕೊಳ್ಳಿ

ದೊಡ್ಡ ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದವರು ಒಳ್ಳೆಯ ಮೆಂಟರ್ ಆಗುತ್ತಾರೆ ಎಂದು ಜನ ಅಂದುಕೊಳ್ಳುತ್ತಾರೆ. ನನಗೆ ಇದರಲ್ಲಿ ಅಷ್ಟು ನಂಬಿಕೆ ಇಲ್ಲ. ಮನೆಯ ಒಂದು ಕೋಣೆಯಲ್ಲಿ ಹೊಲಿಗೆ ಶುರು ಮಾಡಿದವಳಿಗೆ ಬೇಕಾಗಿರುವುದು ತನಗಿಂತ ನಾಲ್ಕೈದು ವರ್ಷ ಮುಂದಿರುವವರು. ಅವರಿಗೆ ಮೊದಲ ಗಿರಾಕಿ ಸಿಗದ ಕಷ್ಟ ಇನ್ನೂ ನೆನಪಿರುತ್ತದೆ. ಅವರ ಫೋನಿನಲ್ಲಿರುವ ನಂಬರುಗಳು ಆಕೆಗೂ ಕೆಲಸಕ್ಕೆ ಬರುತ್ತವೆ.

ನೀವು ಅದೇ ಕಸುಬಿನವರಾದರೆ ಒಳ್ಳೆಯದು. ಆದರೆ ಅದೇ ಗಿರಾಕಿಗಳ ಬೆನ್ನು ಹತ್ತಿದವರಾಗಿದ್ದರೆ ಬೇಡ. ಸಣ್ಣ ಊರಿನಲ್ಲಿ ಇದು ನಿಜವಾದ ತೊಡಕು, ಯಾಕೆಂದರೆ ಎಲ್ಲರೂ ಒಂದೇ ಸಂತೆಯಲ್ಲಿ ಮಾರುವವರು. ಪಕ್ಕದ ಊರಿನವರನ್ನು ಜೋಡಿ ಮಾಡುವುದು ಒಂದು ದಾರಿ. ಒಂದೇ ಮಾಲನ್ನು ಬೇರೆ ಬೇರೆ ಕೆಲಸಕ್ಕೆ ಬಳಸುವವರನ್ನು ಸೇರಿಸುವುದು ಇನ್ನೊಂದು ದಾರಿ. ಬಟ್ಟೆ ಚೀಲ ಹೊಲಿಯುವವಳಿಗೆ ಪರದೆ ಹೊಲಿಯುವವರು ಮೆಂಟರ್ ಆಗಬಹುದು. ಬಟ್ಟೆ ಕೊಳ್ಳುವ ಅಂಗಡಿ ಒಂದೇ, ಗಿರಾಕಿ ಬೇರೆ.

ಗಂಡಸರು ಮೆಂಟರ್ ಆಗಬಾರದೇ? ಆಗಬಹುದು. ಉಗಾಂಡಾದ ಕಂಪಾಲಾದಲ್ಲಿ ವೆಲ್ಡಿಂಗ್, ವಾಹನ ರಿಪೇರಿಯಂಥ ಗಂಡಸರ ಕಸುಬುಗಳಿಗೆ ಇಳಿದ ಮಹಿಳೆಯರ ಬಗ್ಗೆ ಒಂದು ಅಧ್ಯಯನ ನಡೆದಿತ್ತು. ಅವರು ಆ ಕಸುಬಿನ ಗಂಡಸರಷ್ಟೇ ಗಳಿಸುತ್ತಿದ್ದರು. ಹೆಂಗಸರೇ ತುಂಬಿದ ಕಸುಬುಗಳಲ್ಲಿ ಉಳಿದವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ. ಆ ಕಡೆಗೆ ದಾಟಲು ಹಲವರಿಗೆ ನೆರವಾದದ್ದು ಮನೆಯ ಅಥವಾ ಪರಿಚಯದ ಗಂಡಸರೇ. ಭೇಟಿ ಮಾತ್ರ ನಾಲ್ಕು ಜನ ಓಡಾಡುವ ಜಾಗದಲ್ಲಿರಲಿ, ಹಗಲಿನಲ್ಲಿರಲಿ. ಊರ ಬಾಯಿಗೆ ಬೀಳುವವರು ನೀವಲ್ಲ, ಆಕೆ.

ಹಂತ 2: ಮೊದಲೇ ಮಾತಾಡಿ ಮುಗಿಸಬೇಕಾದ ವಿಷಯಗಳು

ಶುರುವಿನಲ್ಲಿ ಹೇಳಲು ಮುಜುಗರವಾಗುವ ಮಾತುಗಳೇ ಆಮೇಲೆ ಜಗಳಕ್ಕೆ ಕಾರಣವಾಗುತ್ತವೆ. ಹಾಗಾಗಿ ಬಾಯಿಬಿಟ್ಟು ಹೇಳಿಬಿಡಿ.

ಎಷ್ಟು ಕಾಲ? ಒಂದು ವರ್ಷ ಎಂದಿಟ್ಟುಕೊಳ್ಳಿ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಭೇಟಿ ಒಂದು ಗಂಟೆ ಮೀರದಿರಲಿ.

ಸಾಲ ಕೊಡುವುದಿಲ್ಲ, ಜಾಮೀನು ನಿಲ್ಲುವುದಿಲ್ಲ, ವ್ಯಾಪಾರದಲ್ಲಿ ಪಾಲು ಕೇಳುವುದಿಲ್ಲ. ಇದು ಎರಡೂ ಕಡೆಯವರನ್ನು ಕಾಪಾಡುತ್ತದೆ. ಒಮ್ಮೆ ಕೈಸಾಲ ಕೊಟ್ಟಿರೋ, ಆಕೆ ನಿಮ್ಮ ಹತ್ತಿರ ನಿಜವಾದ ಲೆಕ್ಕ ಹೇಳುವುದನ್ನು ನಿಲ್ಲಿಸುತ್ತಾಳೆ.

ಇನ್ನು ಗುಟ್ಟು. ದೊಡ್ಡ ನಗರದಲ್ಲಿ ಇದು ಒಂದು ಷರತ್ತು ಅಷ್ಟೇ. ಸಣ್ಣ ಊರಿನಲ್ಲಿ ಇದೇ ಎಲ್ಲ. ಆಕೆಯ ಸಾಲ ಎಷ್ಟು, ಯಾರಿಂದ ದುಡ್ಡು ಬರಬೇಕು, ಮನೆಯಲ್ಲಿ ಏನು ನಡೆದಿದೆ, ಇದರಲ್ಲಿ ಒಂದು ಮಾತು ಹೊರಗೆ ಹೋದರೂ ಸಂಜೆಯೊಳಗೆ ಆಕೆಗೆ ವಾಪಸ್ ಬರುತ್ತದೆ. ಆಮೇಲೆ ನಿಮ್ಮ ಭೇಟಿಗಳು ಬರೀ ಕುಶಲ ವಿಚಾರಣೆ. ನಿಮ್ಮನ್ನು ಜೋಡಿ ಮಾಡಿದ ಸಂಸ್ಥೆ ವರದಿ ಕೇಳುವುದಾದರೆ, ವರದಿಯಲ್ಲಿ ಏನೇನು ಬರೆಯುತ್ತೀರಿ ಎಂದು ಆಕೆಗೆ ಮೊದಲು ತೋರಿಸಿ.

ಹಂತ 3: ಮೊದಲ ಭೇಟಿ ಆಕೆ ಕೆಲಸ ಮಾಡುವ ಜಾಗದಲ್ಲೇ ಆಗಲಿ

ಕಚೇರಿಗೋ ಹೋಟೆಲಿಗೋ ಕರೆಯಬೇಡಿ. ಕೆಲಸದ ಜಾಗಕ್ಕೆ ಹೋಗಿ ಸುಮ್ನೆ ನೋಡಿ. ಮಾಲು ಎಲ್ಲಿಟ್ಟಿದ್ದಾಳೆ? ಮಾರಾಟವಾಗದೆ ಮೂಲೆಯಲ್ಲಿ ಬಿದ್ದಿರುವುದು ಯಾವುದು? ಗಿರಾಕಿ ಬಂದಾಗ ದುಡ್ಡು ಎಲ್ಲಿ ಹಾಕುತ್ತಾಳೆ? ಒಂದು ಗಂಟೆಯಲ್ಲಿ ಎಷ್ಟು ಸಲ ಮನೆಕೆಲಸಕ್ಕೆ ಎದ್ದು ಹೋಗಬೇಕಾಯಿತು?

ಈ ಕೊನೆಯ ಪ್ರಶ್ನೆಗೆ ಕೆಲವು ನಿಮಿಷ ಕೊಡಿ. ಒಂದು ಹಾಳೆಯ ಮೇಲೆ ಆಕೆಯ ದಿನವನ್ನು ಎದ್ದಾಗಿನಿಂದ ಮಲಗುವವರೆಗೆ ಗಂಟೆವಾರು ಬರೆಯಿರಿ. ವ್ಯಾಪಾರಕ್ಕೆ ಸಿಗುವ ಹೊತ್ತು ಅಲ್ಲೊಂದು ಇಲ್ಲೊಂದು ತುಣುಕಾಗಿ ಬಿದ್ದಿರುತ್ತದೆ. ಮಗು ಮಲಗಿದಾಗ ನಲವತ್ತು ನಿಮಿಷ, ಮಧ್ಯಾಹ್ನ ಒಂದು ಗಂಟೆ, ರಾತ್ರಿ ಕಣ್ಣು ಎಳೆಯುವ ಹೊತ್ತಿನಲ್ಲಿ ಇನ್ನೊಂದು. ಈ ಹಾಳೆ ನೋಡದೆ ‘ಉತ್ಪಾದನೆ ಹೆಚ್ಚಿಸಿ’ ಎಂದರೆ ನಿದ್ದೆ ಕಡಿಮೆ ಮಾಡಿ ಎಂದು ಹೇಳಿದ ಹಾಗೆ. ಎರಡು ತುಣುಕು ಸೇರಿಸಿ ಒಂದೇ ಉದ್ದದ ಹೊತ್ತು ಮಾಡಲು ಆಗುತ್ತದಾ, ಮನೆಯ ಯಾವ ಕೆಲಸವನ್ನು ಬೇರೆಯವರು ಮಾಡಬಹುದು ಎಂದು ಕೇಳಿ. ಎಷ್ಟೋ ಸಲ ವ್ಯಾಪಾರದ ಮೊದಲ ಲಾಭ ಇಲ್ಲೇ ಸಿಗುತ್ತದೆ.

ಮೊದಲ ದಿನ ಸಲಹೆ ಕೊಡಬೇಡಿ. ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ಳಿ.

ಹಂತ 4: ಲೆಕ್ಕ

ಬಹಳಷ್ಟು ತರಬೇತಿಗಳು ಜಾರುವ ಜಾಗ ಇದು. ಜಮಾ, ಖರ್ಚು, ಆಸ್ತಿ, ಹೊಣೆ ಎಂದು ಪೂರ್ತಿ ಲೆಕ್ಕಶಾಸ್ತ್ರ ಕಲಿಸಲು ಹೊರಡುತ್ತಾರೆ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಣ್ಣ ವ್ಯಾಪಾರಿಗಳ ಮೇಲೆ ನಡೆದ ಪ್ರಯೋಗದಲ್ಲಿ (2014ರಲ್ಲಿ ಪ್ರಕಟವಾಯಿತು) ಇಂಥ ಪೂರ್ತಿ ಪಾಠದಿಂದ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಮನೆ ದುಡ್ಡು ಬೇರೆ, ವ್ಯಾಪಾರದ ದುಡ್ಡು ಬೇರೆ ಇಡಿ ಎಂಬಂಥ ಕೆಲವೇ ಸರಳ ಕಟ್ಟುಪಾಡು ಕಲಿತವರ ಲೆಕ್ಕ ಸುಧಾರಿಸಿತು.

ಹಾಗಾಗಿ ಎರಡು ಡಬ್ಬಿಯಿಂದ ಶುರು ಮಾಡಿ. ವ್ಯಾಪಾರದ ದುಡ್ಡು ಒಂದರಲ್ಲಿ, ಮನೆಯದು ಇನ್ನೊಂದರಲ್ಲಿ. ವಾರಕ್ಕೊಮ್ಮೆ ಆಕೆ ತನ್ನ ಸಂಬಳ ಎಂದು ಒಂದು ಮೊತ್ತವನ್ನು ಮೊದಲನೆಯದರಿಂದ ಎರಡನೆಯದಕ್ಕೆ ಹಾಕಲಿ. ಮಧ್ಯೆ ತೆಗೆಯಲೇಬೇಕಾಗಿ ಬಂದರೆ ಒಂದು ಚೀಟಿ ಬರೆದು ಡಬ್ಬಿಯಲ್ಲಿ ಹಾಕಲಿ. ತಿಂಗಳ ಕೊನೆಗೆ ಆ ಚೀಟಿಗಳೇ ಎಲ್ಲವನ್ನೂ ಹೇಳುತ್ತವೆ.

ಎರಡನೆಯದು ಅಸಲು. ಬಟ್ಟೆ ಚೀಲದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಾರುವ ಬೆಲೆ 100 ಅಂದುಕೊಳ್ಳಿ. ಬಟ್ಟೆ, ದಾರ, ಜಿಪ್ ಸೇರಿ 55. ಹಾಗಾದರೆ 45 ಲಾಭ ಎಂದು ಆಕೆ ಹೇಳುತ್ತಾಳೆ. ಈಗ ಕೇಳುತ್ತಾ ಹೋಗಿ. ಕರೆಂಟು, ಸಾಗಣೆ, ಹಾಳಾದ ಬಟ್ಟೆ? ಚೀಲಕ್ಕೆ 10 ಬಿತ್ತು. ಒಂದು ಚೀಲಕ್ಕೆ ಎಷ್ಟು ಹೊತ್ತು? ಒಂದು ಗಂಟೆ. ಇದೇ ಕೆಲಸಕ್ಕೆ ಬೇರೆಯವರನ್ನು ಕರೆದರೆ ಗಂಟೆಗೆ ಎಷ್ಟು ಕೂಲಿ? 40. ಕೂಡಿಸಿ: 55, 10, 40, ಒಟ್ಟು 105. ಅಂದರೆ ಪ್ರತಿ ಚೀಲಕ್ಕೆ ಆಕೆ ತನ್ನ ಕೂಲಿಯಲ್ಲೇ 5 ಬಿಟ್ಟುಕೊಡುತ್ತಿದ್ದಾಳೆ.

ಈ ಲೆಕ್ಕ ಕಂಡಾಗ ಬೇಜಾರಾಗುತ್ತದೆ. ಅಲ್ಲಿಗೇ ಬಿಟ್ಟು ಬರಬೇಡಿ. ಅದೇ ಹಾಳೆಯಲ್ಲಿ ಮುಂದುವರಿಸಿ. ಒಂದೊಂದೇ ಚೀಲ ಹೊಲಿಯುವ ಬದಲು ಹತ್ತು ಚೀಲದ ಬಟ್ಟೆ ಒಟ್ಟಿಗೆ ಕತ್ತರಿಸಿದರೆ ಹೊತ್ತು 40 ನಿಮಿಷಕ್ಕೆ ಇಳಿಯಬಹುದು. ಆಗ ಕೂಲಿ ಸುಮಾರು 27. ಸಗಟು ಅಂಗಡಿಯಿಂದ ತಂದರೆ 55 ಇದ್ದದ್ದು 48 ಆಗಬಹುದು. ಈಗ 48, 10, 27, ಒಟ್ಟು 85. ಬೆಲೆ ಏರಿಸದೆಯೇ 15 ಉಳಿಯಿತು. ಆ ಸಗಟು ಅಂಗಡಿ ಯಾವುದು ಎಂದು ಗೊತ್ತಿರಬೇಕಾದವರು ನೀವು. ದಂಡೋರಾದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ.

ಮೂರನೆಯದು ದುಡ್ಡು ಸಿಕ್ಕಿಹಾಕಿಕೊಳ್ಳುವ ಕಾಲ. ಲಾಭವಿದ್ದೂ ಮುಚ್ಚುವ ವ್ಯಾಪಾರಗಳು ಸೋಲುವುದು ಇಲ್ಲಿ. ಇವತ್ತು ಬಟ್ಟೆ ತಂದಳು. ಹತ್ತನೇ ದಿನ ಚೀಲ ತಯಾರಾಯಿತು. ಇಪ್ಪತ್ತನೇ ದಿನ ಅಂಗಡಿಗೆ ಕೊಟ್ಟಳು. ಅಂಗಡಿಯವನು ಒಂದು ತಿಂಗಳ ಉದ್ರಿ ಕೇಳಿದ. ಕೈಗೆ ದುಡ್ಡು ಬರುವುದು ಐವತ್ತನೇ ದಿನ. ಅಲ್ಲಿಯವರೆಗೆ ಮುಂದಿನ ಬಟ್ಟೆಗೆ ದುಡ್ಡು ಎಲ್ಲಿಂದ? ಆದ್ದರಿಂದಲೇ ದೊಡ್ಡ ಆರ್ಡರ್ ಬಂತು ಎಂದು ಆಕೆ ಖುಷಿಯಿಂದ ಫೋನ್ ಮಾಡಿದಾಗ ನೀವು ಮೊದಲು ಕೇಳಬೇಕಾದ್ದು ಎರಡು: ಮುಂಗಡ ಎಷ್ಟು ಕೊಡುತ್ತಾರೆ? ಉಳಿದದ್ದು ಯಾವಾಗ? ಕನಿಷ್ಠ ಮಾಲಿನ ಖರ್ಚಾದರೂ ಮುಂಗಡವಾಗಿ ಬರುವಂತೆ ನೋಡಿಕೊಳ್ಳಲಿ. ಅರ್ಧ ಪ್ರಮಾಣ ಮೊದಲು ಕೊಟ್ಟು, ಅದರ ದುಡ್ಡು ಬಂದ ಮೇಲೆ ಉಳಿದರ್ಧ ಎನ್ನಬಹುದು. ಮುಂಗಡ ಕೇಳಲು ಆಕೆಗೆ ಸಂಕೋಚವಾದರೆ ಆ ಮಾತನ್ನು ನಿಮ್ಮ ಮುಂದೆ ನಾಲ್ಕು ಸಲ ಹೇಳಿ ರೂಢಿ ಮಾಡಿಕೊಳ್ಳಲಿ. ನಾಟಕ ಅನ್ನಿಸಬಹುದು, ಆದರೆ ಕೆಲಸ ಮಾಡುತ್ತದೆ.

ಪರಿಚಯದವರಿಗೆ ಕೊಟ್ಟ ಉದ್ರಿಯನ್ನು ಬೇರೆ ಪುಟದಲ್ಲಿ ಬರೆದಿಡಲಿ. ನೆಂಟರ ಹತ್ತಿರ ದುಡ್ಡು ಕೇಳುವುದು ಹೇಗೆ ಎನ್ನುತ್ತಾಳೆ. ಹಾಗೆ ಕೇಳಲಾಗದವರಿಗೆ ಉದ್ರಿ ಕೊಡುವುದನ್ನೇ ನಿಲ್ಲಿಸಲಿ. ‘ನಮ್ಮ ಸಂಘದಲ್ಲಿ ಉದ್ರಿ ಕೊಡಬಾರದು ಎಂದು ನಿಯಮ ಇದೆ’ ಎಂದು ಹೇಳಲಿ. ಅದಕ್ಕಾಗಿಯಾದರೂ ಒಂದು ಸಂಘ ಬೇಕು. ಆ ವಿಷಯಕ್ಕೆ ಹಂತ 7ರಲ್ಲಿ ಬರುತ್ತೇನೆ.

ಹಂತ 5: ಮನೆಯವರು

ಮೆಂಟರ್‌ಗಳು ಮುಟ್ಟಲು ಹೆದರುವ ವಿಷಯ. ಆದರೆ ಮುಟ್ಟದೆ ಆಗುವುದಿಲ್ಲ.

ಭಾರತ, ಶ್ರೀಲಂಕಾ, ಘಾನಾ ಮೂರೂ ಕಡೆಯ ಮಾಹಿತಿ ಇಟ್ಟುಕೊಂಡು 2019ರಲ್ಲಿ ಒಂದು ಅಧ್ಯಯನ ಬಂತು. ಮಹಿಳೆಯರಿಗೆ ಬಂಡವಾಳ ಕೊಟ್ಟರೆ ಗಂಡಸರಷ್ಟು ಲಾಭ ಬರುವುದಿಲ್ಲ ಎಂದು ಅಲ್ಲಿಯವರೆಗೆ ಹೇಳುತ್ತಿದ್ದರು. ಬಿಡಿಸಿ ನೋಡಿದಾಗ ಬೇರೆಯೇ ಕಂಡಿತು. ಮನೆಯಲ್ಲಿ ಆಕೆಯದೊಂದೇ ವ್ಯಾಪಾರ ಇದ್ದಾಗ ಆಕೆಯ ಗಳಿಕೆ ಗಂಡಸರಿಗೆ ಸಮನಾಗಿಯೇ ಇತ್ತು. ಗಂಡನದೂ ಒಂದು ವ್ಯಾಪಾರ ಇದ್ದಾಗ ಆಕೆಯ ಹೆಸರಿನಲ್ಲಿ ಬಂದ ದುಡ್ಡು ಅಲ್ಲಿಗೆ ಹೋಗುತ್ತಿತ್ತು. ಆಕೆಗೆ ಜಾಣತನ ಕಡಿಮೆ ಇತ್ತು ಅಂತಲ್ಲ, ದುಡ್ಡೇ ಆಕೆಯ ಕೈಯಲ್ಲಿರಲಿಲ್ಲ.

ಇದು ಯಾವಾಗಲೂ ದಬ್ಬಾಳಿಕೆ ಎಂದುಕೊಳ್ಳಬೇಡಿ. ಎಷ್ಟೋ ಸಲ ಇಬ್ಬರೂ ಕೂತು ಯಾವ ವ್ಯಾಪಾರದಲ್ಲಿ ಹಾಕಿದರೆ ಒಳ್ಳೆಯದು ಎಂದು ಮಾತಾಡಿಯೇ ಮಾಡಿರುತ್ತಾರೆ. ಆದರೆ ಸಾಲದ ಕಂತು ಮಾತ್ರ ಆಕೆಯ ಹೆಸರಿನಲ್ಲಿ ನಿಂತಿರುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಇವು: ಈ ದುಡ್ಡನ್ನು ಯಾರು ತೆಗೆಯಬಹುದು? ಪಾಸ್‌ವರ್ಡ್ ಯಾರಿಗೆ ಗೊತ್ತು? ಖಾತೆಯ ಸಂದೇಶ ಯಾರ ಫೋನಿಗೆ ಬರುತ್ತದೆ? ಉಗಾಂಡಾದಲ್ಲಿ ಮಹಿಳೆಯರಿಗೆ ಕೊಡುವ ಸಾಲವನ್ನು ನಗದಾಗಿ ಕೊಡುವ ಬದಲು ಅವರದೇ ಮೊಬೈಲ್ ಹಣದ ಖಾತೆಗೆ ಹಾಕಿ ನೋಡಿದರು. ಲಾಭ ಸುಮಾರು 15 ಪ್ರತಿಶತ ಹೆಚ್ಚಿತು. ಬಡ್ಡಿ ಅದೇ, ಮೊತ್ತ ಅದೇ. ದುಡ್ಡು ನಾಲ್ಕು ಜನರ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಮನೆಯವರನ್ನು ಒಮ್ಮೆಯಾದರೂ ಭೇಟಿಯಾಗಿ. ಆದರೆ ಆಕೆ ಕರೆದಾಗ ಮಾತ್ರ. ಹೋದಾಗ ಹಕ್ಕಿನ ಭಾಷಣ ಬೇಡ. ಲೆಕ್ಕದ ಹಾಳೆಯನ್ನು ಆಕೆಯೇ ತೋರಿಸಲಿ, ನೀವು ಪಕ್ಕದಲ್ಲಿ ಕೂತರೆ ಸಾಕು. ಅಂಕಿ ನೋಡಿದ ಮೇಲೆ ಅತ್ತೆಯೋ ಗಂಡನೋ ‘ಸರಿ, ಮಧ್ಯಾಹ್ನ ಮಗುವನ್ನು ನಾನು ನೋಡ್ಕೊಳ್ತೀನಿ’ ಎಂದರೆ ಅದು ಸಣ್ಣ ಸಾಲಕ್ಕಿಂತ ದೊಡ್ಡದು.

ಹೊಡೆತ, ಬೆದರಿಕೆಯ ಸುಳಿವು ಸಿಕ್ಕರೆ ವ್ಯಾಪಾರದ ಮಾತು ಬದಿಗಿಡಿ. ನೀವೇ ಪಂಚಾಯ್ತಿ ಮಾಡಲು ಹೋಗಬೇಡಿ. ನಂಬಿಕಸ್ಥ ಸಹಾಯವಾಣಿ ಅಥವಾ ಸಂಸ್ಥೆಯ ನಂಬರ್ ಮೊದಲೇ ನಿಮ್ಮಲ್ಲಿರಲಿ. ಮುಂದೇನು ಎಂಬುದು ಆಕೆಯ ತೀರ್ಮಾನ.

ಹಂತ 6: ಪರಿಚಯ ಮಾಡಿಸುವ ಕೆಲಸ

ನಂಬರ್ ಕೊಟ್ಟು ‘ನನ್ನ ಹೆಸರು ಹೇಳು’ ಎನ್ನುವುದು ಪರಿಚಯವಲ್ಲ. ಮೊದಲು ನೀವೇ ಫೋನ್ ಮಾಡಿ, ಯಾರು, ಏನು ಮಾಡುತ್ತಾಳೆ, ಏನು ಬೇಕು ಎಂದು ಎರಡು ಮಾತಿನಲ್ಲಿ ಹೇಳಿ. ಮೊದಲ ಸಲ ಜೊತೆಗೆ ಹೋಗಿ. ಬೆಲೆ ಮಾತಾಡುವಾಗ ಬಾಯಿ ಮುಚ್ಚಿಕೊಂಡಿರಿ. ನೀವು ಚೌಕಾಸಿ ಮಾಡಿದರೆ ಅಂಗಡಿಯವರು ಮುಂದಿನ ಸಲವೂ ನಿಮ್ಮನ್ನೇ ನೋಡುತ್ತಾರೆ. ಎರಡನೇ ಸಲ ಆಕೆ ಒಬ್ಬಳೇ ಹೋಗಲಿ.

ಯಾರ ಪರಿಚಯ ಬೇಕು? ಸಗಟು ವ್ಯಾಪಾರಿ, ಸಾಗಣೆಯವರು, ಯಂತ್ರ ರಿಪೇರಿ ಮಾಡುವವರು, ಬ್ಯಾಂಕಿನಲ್ಲಿ ಅರ್ಜಿ ನೋಡುವವರು, ತೆರಿಗೆ ಮತ್ತು ನೋಂದಣಿ ಗೊತ್ತಿರುವವರು. ಮತ್ತೆ, ಊರಿನ ಹೊರಗಿನ ಒಬ್ಬ ಗಿರಾಕಿ. ಇದು ತುಂಬಾ ಮುಖ್ಯ. ಅಕ್ಕಪಕ್ಕದವರಿಗೆ ಮಾತ್ರ ಮಾರುವ ವ್ಯಾಪಾರಕ್ಕೆ ಒಂದು ಮಿತಿ ಇದೆ. ಒಂದೇ ಬೀದಿಯಲ್ಲಿ ನಾಲ್ಕು ಜನ ಅದೇ ವಸ್ತು ಮಾಡಲು ಶುರು ಮಾಡಿದರೆ ಬೆಲೆ ಇಳಿಸುವುದಷ್ಟೇ ಉಳಿಯುತ್ತದೆ. ಆನ್‌ಲೈನ್ ಮಾರಾಟಕ್ಕೆ ಕೈ ಹಾಕುವ ಮುನ್ನ ಅಂಚೆ ಅಥವಾ ಕೊರಿಯರ್ ಖರ್ಚು, ವಾಪಸ್ ಬರುವ ಮಾಲು, ಪ್ಯಾಕಿಂಗ್ ಎಲ್ಲವನ್ನೂ ಹಂತ 4ರ ಹಾಳೆಯಲ್ಲಿ ಸೇರಿಸಿ ನೋಡಿ. ಹಗುರವಾದ, ಮುರಿಯದ, ಕೆಡದ ವಸ್ತುವಾದರೆ ಮುಂದುವರಿಯಿರಿ.

ಇಲ್ಲೇ ಇನ್ನೊಂದು ಮಾತು. ಮಹಿಳೆಯರಿಗೆ ಎಂದರೆ ಹೊಲಿಗೆ, ಅಡುಗೆ, ಅಲಂಕಾರ ಎಂದೇ ಯೋಚಿಸುವ ಚಾಳಿ ನಮಗೆಲ್ಲ ಇದೆ. ಕಂಪಾಲಾದ ಅಂಕಿ ನೆನಪಿಡಿ. ಮೊಬೈಲ್ ರಿಪೇರಿ, ಪಂಪ್ ರಿಪೇರಿ, ಪ್ಲಂಬಿಂಗ್ ಕೆಲಸದಲ್ಲಿ ಎಷ್ಟು ಸಿಗುತ್ತದೆ ಎಂಬ ಮಾಹಿತಿಯೇ ಹಲವರಿಗೆ ಇರುವುದಿಲ್ಲ. ಅದನ್ನು ಮುಂದಿಡಿ, ಒತ್ತಾಯ ಮಾಡಬೇಡಿ.

ಹಂತ 7: ಜೊತೆಗೊಬ್ಬ ಗೆಳತಿ

ಅಹಮದಾಬಾದಿನಲ್ಲಿ ‘ಸೇವಾ’ (SEWA) ಎಂಬ, ಸ್ವಂತ ದುಡಿಮೆಯ ಮಹಿಳೆಯರ ಸಂಘಟನೆ 1972ರಲ್ಲಿ ಶುರುವಾಯಿತು, ಅದರ ಬ್ಯಾಂಕು 1974ರಲ್ಲಿ. ಆ ಬ್ಯಾಂಕಿನ ಗ್ರಾಹಕ ಮಹಿಳೆಯರಿಗೆ ಎರಡು ದಿನದ ತರಬೇತಿ ಕೊಟ್ಟು ಒಂದು ಪ್ರಯೋಗ ಮಾಡಿದರು. ಕೆಲವರನ್ನು ಒಬ್ಬರೇ ಬನ್ನಿ ಎಂದರು, ಕೆಲವರನ್ನು ಗೆಳತಿಯ ಜೊತೆ ಬನ್ನಿ ಎಂದರು. ಪಾಠ ಒಂದೇ. ಗೆಳತಿಯ ಜೊತೆ ಬಂದವರು ವ್ಯಾಪಾರಕ್ಕೆ ಸಾಲ ತೆಗೆದುಕೊಳ್ಳಲು ಹೆಚ್ಚು ಮುಂದಾದರು, ಅವರ ಮನೆಯ ಆದಾಯವೂ ಹೆಚ್ಚಿತು. ಹೆಣ್ಣುಮಕ್ಕಳ ಓಡಾಟಕ್ಕೆ ಕಟ್ಟು ಜಾಸ್ತಿ ಇದ್ದ ಸಮುದಾಯಗಳಲ್ಲಿ ಪರಿಣಾಮ ಇನ್ನೂ ಜೋರಾಗಿತ್ತು.

ಆದ್ದರಿಂದ ಒಬ್ಬಳನ್ನೇ ಹಿಡಿದುಕೊಂಡು ಕೂರಬೇಡಿ. ಮೂರನೇ ತಿಂಗಳಿನಿಂದ ನಾಲ್ಕೈದು ಜನರ ಒಂದು ಗುಂಪು ತಿಂಗಳಿಗೊಮ್ಮೆ ಸೇರಲಿ. ಬೇರೆ ಬೇರೆ ಕಸುಬಿನವರಿರಲಿ. ಪ್ರತಿಯೊಬ್ಬರೂ ಈ ತಿಂಗಳ ಒಂದು ಅಂಕಿ, ಒಂದು ತೊಡಕು ಹೇಳಲಿ. ನೀವು ಸಭೆ ನಡೆಸಬೇಡಿ. ಒಂದು ಸಲ ತಪ್ಪಿಸಿಕೊಂಡರೂ ಒಳ್ಳೆಯದೇ, ನೀವಿಲ್ಲದೆ ನಡೆಯುತ್ತದಾ ಎಂದು ಗೊತ್ತಾಗುತ್ತದೆ.

ಹಂತ 8: ಸಾಲದ ಅರ್ಜಿಗೆ ಮೊದಲು

ಸಾಲ ಸಿಗುತ್ತದೆ ಎಂಬುದು ಸಾಲ ತೆಗೆದುಕೊಳ್ಳಲು ಕಾರಣವಲ್ಲ. ಈ ದುಡ್ಡಿನಿಂದ ಏನು ಕೊಳ್ಳುತ್ತಾಳೆ, ಅದರಿಂದ ತಿಂಗಳಿಗೆ ಎಷ್ಟು ಹೆಚ್ಚು ಉಳಿಯುತ್ತದೆ, ಕಂತು ಎಷ್ಟು? ಉಳಿಯುವುದು ಕಂತಿಗಿಂತ ಚೆನ್ನಾಗಿ ಜಾಸ್ತಿ ಇರಬೇಕು. ವ್ಯಾಪಾರ ಕುಸಿಯುವ ತಿಂಗಳಿನಲ್ಲೂ ಕಂತು ಕಟ್ಟಲು ಆಗಬೇಕು. ಮೊದಲ ಕಂತು ಯಾವಾಗ ಶುರು ಎಂದು ಕೇಳಿ. ಯಂತ್ರ ಬಂದು ದುಡಿಯಲು ಶುರುವಾಗುವ ಮೊದಲೇ ಕಂತು ಶುರುವಾದರೆ ಕಷ್ಟ. ಗುಂಪು ಸಾಲವಾದರೆ ಬೇರೆಯವರು ಕಟ್ಟದಿದ್ದಾಗ ತನ್ನ ಪಾಲು ಏನು ಎಂಬುದು ಸಹಿಗೆ ಮುಂಚೆ ಗೊತ್ತಿರಬೇಕು. ಹಳೆ ಸಾಲ ತೀರಿಸಲು ಹೊಸ ಸಾಲ ಎಂದು ಕಂಡರೆ ಅರ್ಜಿ ನಿಲ್ಲಿಸಿ, ಲೆಕ್ಕದ ಹಾಳೆಗೆ ವಾಪಸ್ ಹೋಗಿ.

ಹಂತ 9: ತೀರ್ಮಾನ ಆಕೆಯದೇ

ಟೋಗೊ ದೇಶದಲ್ಲಿ 1,500 ಸಣ್ಣ ವ್ಯಾಪಾರಿಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಲೆಕ್ಕ, ಮಾರಾಟದ ಮಾಮೂಲಿ ತರಬೇತಿ. ಇನ್ನೊಂದಕ್ಕೆ ತಾನಾಗಿ ಮುಂದಾಗುವುದು, ಗುರಿ ಇಟ್ಟುಕೊಳ್ಳುವುದು, ಅಡ್ಡಿ ಬಂದಾಗ ಬೇರೆ ದಾರಿ ಹುಡುಕುವುದು, ಇವುಗಳ ಅಭ್ಯಾಸ. ಎರಡನೇ ಗುಂಪಿನ ಲಾಭ 30 ಪ್ರತಿಶತ ಹೆಚ್ಚಿತು. ಮೊದಲನೆಯದರಲ್ಲಿ ಕಂಡದ್ದು 11, ಅದನ್ನೂ ಖಚಿತ ಎನ್ನುವಂತಿರಲಿಲ್ಲ.

ಮೆಂಟರ್‌ಗೆ ಇದರಿಂದ ಸಿಗುವ ಪಾಠ: ಉತ್ತರ ಗೊತ್ತಿದ್ದರೂ ಮೊದಲು ಪ್ರಶ್ನೆ ಕೇಳಿ. ‘ನೀನೇನು ಅಂದುಕೊಂಡಿದ್ದೀಯ? ಇನ್ನೇನು ಮಾಡಬಹುದಿತ್ತು? ಅದನ್ನು ಸಣ್ಣದಾಗಿ ಈ ವಾರವೇ ಹೇಗೆ ನೋಡಬಹುದು?’ ಪ್ರತಿ ಭೇಟಿಯ ಕೊನೆಗೆ ಒಂದೇ ಒಂದು ಕೆಲಸ, ಅದೂ ಆಕೆಯೇ ಆರಿಸಿದ್ದು. ಮುಂದಿನ ಭೇಟಿ ಅದರಿಂದಲೇ ಶುರು. ಮಾಡದೆ ಬಂದರೆ ಬೈಯಬೇಡಿ, ಏನು ಅಡ್ಡ ಬಂತು ಎಂದು ಕೇಳಿ. ಮೂರು ಸಲ ಹಾಗೇ ಆದರೆ ಕೆಲಸ ದೊಡ್ಡದಾಗಿದೆ, ಇಲ್ಲವೇ ಅದು ಆಕೆಗೆ ಬೇಡವಾಗಿದೆ.

ಆಕೆ ನಿಮ್ಮ ಸಲಹೆಗೆ ವಿರುದ್ಧವಾಗಿ ಹೋಗಿ ಗೆದ್ದರೆ ಒಪ್ಪಿಕೊಳ್ಳಿ. ಸೋತರೆ ‘ನಾನು ಹೇಳಿರಲಿಲ್ವಾ’ ಎಂಬ ಮಾತು ಬಾಯಿಂದ ಬರಬಾರದು. ವ್ಯಾಪಾರ ಮುಚ್ಚುವುದೇ ಸರಿ ಎನ್ನುವ ಸಂದರ್ಭವೂ ಬರುತ್ತದೆ. ಆಗ ಮಾಲು ಯಾರಿಗೆ ಮಾರುವುದು, ಸಾಲ ಯಾವ ಕ್ರಮದಲ್ಲಿ ತೀರಿಸುವುದು, ಯಂತ್ರ ಇಟ್ಟುಕೊಳ್ಳಬೇಕೇ ಎಂದು ಕೂತು ಪಟ್ಟಿ ಮಾಡಿ. ಚೆನ್ನಾಗಿ ಮುಚ್ಚಿದವಳು ಮತ್ತೆ ಶುರು ಮಾಡಬಲ್ಲಳು.

ಹಂತ 10: ಮುಗಿಸುವುದು

ದಂಡೋರಾದಲ್ಲಿ ಹೆಚ್ಚಿದ ಲಾಭ ಭೇಟಿಗಳು ನಿಂತಂತೆ ಕರಗಿತು ಎಂದು ಮೊದಲೇ ಹೇಳಿದೆ. ಹಾಗಾಗಿ ಒಂದೇ ದಿನ ಬೀಳ್ಕೊಡುಗೆ ಮಾಡಿ ಮುಗಿಸಬೇಡಿ. ಎಂಟನೇ ತಿಂಗಳಿನಿಂದ ತಿಂಗಳಿಗೊಮ್ಮೆ, ವರ್ಷದ ನಂತರ ಮೂರು ತಿಂಗಳಿಗೊಮ್ಮೆ. ನಡುವೆ ಫೋನ್. ಕೊನೆಯ ಭೇಟಿಗಳಲ್ಲಿ ಒಂದು ಪರೀಕ್ಷೆ ಮಾಡಿ: ಮಾಲು ಕೊಡುವ ಇಬ್ಬರು, ಊರ ಹೊರಗಿನ ಇಬ್ಬರು ಗಿರಾಕಿಗಳು, ಕಷ್ಟದಲ್ಲಿ ಕೇಳಬಹುದಾದ ಇಬ್ಬರು, ಇಷ್ಟು ನಂಬರ್ ನಿಮ್ಮನ್ನು ಬಿಟ್ಟು ಆಕೆಯ ಫೋನಿನಲ್ಲಿವೆಯೇ? ಇಲ್ಲದಿದ್ದರೆ ಹಂತ 6 ಇನ್ನೂ ಮುಗಿದಿಲ್ಲ.

ಕಾರ್ಯಕ್ರಮ ನಡೆಸುವ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಮೆಂಟರ್‌ಗಳ ಪ್ರಯಾಣದ ಖರ್ಚು ಕೊಡಿ, ಮಕ್ಕಳನ್ನು ಕರೆತರಲು ಜಾಗ ಮಾಡಿ, ಸಭೆಯ ಹೊತ್ತನ್ನು ಆಕೆಯ ದಿನದ ಹಾಳೆ ನೋಡಿ ಇಡಿ. ಎಷ್ಟು ಜನರಿಗೆ ತರಬೇತಿ ಕೊಟ್ಟಿರಿ ಎಂಬುದನ್ನು ಎಣಿಸುವ ಬದಲು, ಒಂದು ವರ್ಷದ ನಂತರ ಎಷ್ಟು ಜೋಡಿಗಳು ಇನ್ನೂ ಮಾತಾಡುತ್ತಿವೆ ಎಂದು ಎಣಿಸಿ.

ಗೆದ್ದವಳನ್ನು ಮುಂದಿನ ಮೆಂಟರ್ ಆಗು ಎಂದು ಕೇಳುವುದು ಸಹಜ. ಕೇಳಿ, ಆದರೆ ಆಗಲೇ ಕೈತುಂಬ ಕೆಲಸವಿರುವವಳು ಅವಳು. ಒಬ್ಬರನ್ನು ಮಾತ್ರ ಜೋಡಿ ಮಾಡಿ. ಈ ವರ್ಷ ಆಗಲ್ಲ ಎಂದರೆ ಮುಂದಿನ ವರ್ಷ ಕೇಳಿ.